ಮದ್ರಾಸಿನಲ್ಲಿ ಪತ್ತೆಯಾದ 67 ಏಷ್ಯಾ: ಒಂದು ಚುಕ್ಕಿಯಿಂದ ಕಕ್ಷೆಯವರೆಗೆ

ವಿಜ್ಞಾನ ಶಿಕ್ಷಕಿ, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಕ್ಷುದ್ರಗ್ರಹಗಳ ಕುರಿತು ಒಂದು ಫಲಕವನ್ನು ಸಿದ್ಧಪಡಿಸುತ್ತಿದ್ದೇನೆ. ಸೀರಿಸ್, ವೆಸ್ತಾ ಮುಂತಾದವುಗಳ ವಿವರ ಎಲ್ಲ ಕಡೆಯೂ ಸಿಗುವುದರಿಂದ ಅವುಗಳನ್ನು ಬಿಟ್ಟು, ದಕ್ಷಿಣ ಭಾರತದ ನೆಲದಿಂದಲೇ ಪತ್ತೆಯಾದ 67ನೆಯ ಕ್ಷುದ್ರಗ್ರಹ ‘ಏಷ್ಯಾ’ವನ್ನು ಆರಿಸಿಕೊಂಡಿದ್ದೇನೆ. ನಾರ್ಮನ್ ರಾಬರ್ಟ್ ಪಾಗ್ಸನ್ ಅವರು ಇದನ್ನು 1861ರ ಏಪ್ರಿಲ್ 17ರಂದು ಮದ್ರಾಸು ವೀಕ್ಷಣಾಲಯದಿಂದ ಕಂಡುಹಿಡಿದರು. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹ ಇದೇ ಆದ್ದರಿಂದ ಅವರೇ ಅದಕ್ಕೆ ಖಂಡದ ಹೆಸರನ್ನಿಟ್ಟರು.

ಇದರ ಮುಖ್ಯ ಅಂಕಿಗಳು ನನ್ನ ಬಳಿ ಇವೆ. ಸೂರ್ಯನಿಂದ ಸರಾಸರಿ ದೂರ 2.42 ಖಗೋಳ ಮಾನ. ಭೂಮಿಯಿಂದ ಸೂರ್ಯನಿಗಿರುವ ಸುಮಾರು 15 ಕೋಟಿ ಕಿಲೋಮೀಟರನ್ನು ಒಂದು ಖಗೋಳ ಮಾನವೆಂದು ಹಿಡಿದರೆ ಇದು ಸುಮಾರು 36 ಕೋಟಿ ಕಿಲೋಮೀಟರು. ಸೂರ್ಯನನ್ನು ಒಂದು ಸುತ್ತು ಬರಲು 3.77 ವರ್ಷ ಬೇಕು. ಕಕ್ಷೆಯ ಉತ್ಕೇಂದ್ರತೆ, ಎಂದರೆ ಅದು ವೃತ್ತಾಕಾರದಿಂದ ಎಷ್ಟು ಬೇರೆಯಾಗಿದೆ ಎಂಬುದರ ಅಳತೆ, ಸುಮಾರು 0.185, ಭೂಮಿಯ ಕಕ್ಷಾತಲಕ್ಕೆ ಅದರ ಓರೆ ಸುಮಾರು 6 ಡಿಗ್ರಿ. ವ್ಯಾಸ 60 ಕಿಲೋಮೀಟರಿನ ಆಸುಪಾಸು. ತನ್ನ ಸುತ್ತ ತಾನು ತಿರುಗಲು 16 ಗಂಟೆಗೆ ಸ್ವಲ್ಪ ಕಡಿಮೆ ಸಮಯ ತೆಗೆದುಕೊಳ್ಳುತ್ತದೆ.

ಇಷ್ಟನ್ನು ಫಲಕದ ಮೇಲೆ ಬರೆದು ಅಂಟಿಸಲು ಅರ್ಧ ಗಂಟೆ ಸಾಕು. ಆದರೆ ಆ ರಾತ್ರಿ ಪಾಗ್ಸನ್ ಕಂಡದ್ದು ನಕ್ಷತ್ರಗಳ ನಡುವಿನ ಒಂದು ಮಸುಕು ಚುಕ್ಕಿಯನ್ನು ಮಾತ್ರ. ಆ ಚುಕ್ಕಿಗೆ ದೂರವೆಷ್ಟು, ವರ್ಷವೆಷ್ಟು ಎಂಬುದು ದೂರದರ್ಶಕದಲ್ಲಿ ಕಾಣುವುದಿಲ್ಲ. ಚುಕ್ಕಿಯಿಂದ ಈ ಅಂಕಿಗಳವರೆಗಿನ ದಾರಿಯನ್ನು ಪ್ರೌಢಶಾಲೆಯ ಮಕ್ಕಳಿಗೆ ತಿಳಿಯುವಂತೆ ಹೇಗೆ ತೋರಿಸಬಹುದು? ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಹವ್ಯಾಸಿ ವೀಕ್ಷಕ, ಕುಶಾಲನಗರ

ಒಳ್ಳೆಯ ಆಯ್ಕೆ, ಮೇಡಂ. ಮೊದಲು ಚುಕ್ಕಿಯ ವಿಷಯವನ್ನು ಹೇಳುತ್ತೇನೆ, ಲೆಕ್ಕದ ಭಾಗವನ್ನು ವಿರಾಜಪೇಟೆಯ ಮೇಷ್ಟ್ರು ನೋಡಿಕೊಳ್ಳಲಿ.

1861ರಲ್ಲಿ ಕ್ಷುದ್ರಗ್ರಹಗಳನ್ನು ಹುಡುಕಲು ಛಾಯಾಚಿತ್ರದ ನೆರವಿರಲಿಲ್ಲ. ಆ ವಿಧಾನದಿಂದ ಮೊದಲ ಕ್ಷುದ್ರಗ್ರಹ ಸಿಕ್ಕಿದ್ದು 1891ರ ಡಿಸೆಂಬರಿನಲ್ಲಿ, ಜರ್ಮನಿಯ ಮ್ಯಾಕ್ಸ್ ವುಲ್ಫ್ ಅವರಿಗೆ. ಪಾಗ್ಸನ್ ಅದೇ ವರ್ಷ ಮದ್ರಾಸಿನಲ್ಲಿ ತೀರಿಕೊಂಡಿದ್ದರು. ಹಾಗಾಗಿ ಅವರ ಎಲ್ಲ ಶೋಧಗಳೂ ಕಣ್ಣಿನಿಂದಲೇ ಆದವು. ಸೂರ್ಯನಿಗೆ ಎದುರಾಗಿರುವ ದಿಕ್ಕಿನಲ್ಲಿ, ಆಕಾಶದಲ್ಲಿ ಸೂರ್ಯ ಸಾಗುವ ದಾರಿಯಾದ ಕ್ರಾಂತಿವೃತ್ತದ ಸಮೀಪ, ಆಕಾಶದ ಒಂದು ಸಣ್ಣ ತುಂಡನ್ನು ಆರಿಸಿಕೊಂಡು, ದೂರದರ್ಶಕದಲ್ಲಿ ಕಾಣುವ ಪ್ರತಿಯೊಂದು ನಕ್ಷತ್ರವನ್ನೂ ನಕಾಶೆಯಲ್ಲಿರುವುದರೊಂದಿಗೆ ತಾಳೆ ನೋಡುತ್ತ ಹೋಗಬೇಕು. ನಕಾಶೆಯಲ್ಲಿ ಇಲ್ಲದ ಚುಕ್ಕಿ ಕಂಡರೆ ಅದರ ಸ್ಥಾನವನ್ನು ಅಕ್ಕಪಕ್ಕದ ನಕ್ಷತ್ರಗಳಿಂದ ಅಳೆದು, ಕೆಲವು ಗಂಟೆ ಬಿಟ್ಟು ಅಥವಾ ಮರುದಿನ ಮತ್ತೆ ಅಳೆಯಬೇಕು. ಸರಿದಿದ್ದರೆ ಅದು ನಕ್ಷತ್ರವಲ್ಲ.

ಇಲ್ಲಿ ಒಂದು ತೊಡಕಿದೆ. ಬೆಳಕು ಏರಿಳಿಯುವ ನಕ್ಷತ್ರಗಳೂ ಹೀಗೆಯೇ ನಕಾಶೆಯಲ್ಲಿ ಇಲ್ಲದ ಕಡೆ ಕಾಣಿಸಿಕೊಳ್ಳುತ್ತವೆ, ಆದರೆ ಅವು ಜಾಗ ಬಿಟ್ಟು ಸರಿಯುವುದಿಲ್ಲ. ಪಾಗ್ಸನ್ ಅಂತಹ ನಕ್ಷತ್ರಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಯಾವ ಚುಕ್ಕಿ ಹೊಸದು, ಯಾವುದು ಹಳೆಯದೇ ಬೆಳಕು ಹೆಚ್ಚಿಸಿಕೊಂಡದ್ದು ಎಂದು ಬೇರ್ಪಡಿಸುವ ಕಣ್ಣು ಅವರಿಗೆ ಒದಗಿದ್ದು ಆ ಕೆಲಸದಿಂದಲೇ ಎಂದು ನನ್ನ ಅಭಿಪ್ರಾಯ.

ಚುಕ್ಕಿ ಎಷ್ಟು ಸರಿಯುತ್ತದೆ ಎಂಬುದನ್ನು ಮಕ್ಕಳೇ ಲೆಕ್ಕ ಹಾಕಬಹುದು. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರು ವೇಗದಲ್ಲಿ ಓಡುತ್ತದೆ, ಏಷ್ಯಾ ಸುಮಾರು 19 ಕಿಲೋಮೀಟರು. ಕುಶಾಲನಗರದ ರಸ್ತೆಯಲ್ಲಿ ನಿಧಾನವಾಗಿ ಹೋಗುವ ಲಾರಿಯನ್ನು ನಮ್ಮ ಬಸ್ಸು ಹಿಂದಿಕ್ಕುವಾಗ ಲಾರಿಯೇ ಹಿಂದಕ್ಕೆ ಜಾರಿದಂತೆ ತೋರುವ ಹಾಗೆ, ಭೂಮಿ ಒಳಗಿನ ದಾರಿಯಲ್ಲಿ ಏಷ್ಯಾವನ್ನು ದಾಟುವಾಗ ಅದು ನಕ್ಷತ್ರಗಳ ಎದುರು ಪಶ್ಚಿಮಕ್ಕೆ ಸರಿಯುತ್ತದೆ. ವೇಗದ ವ್ಯತ್ಯಾಸವನ್ನು ನಮ್ಮಿಬ್ಬರ ನಡುವಿನ ದೂರದಿಂದ ಭಾಗಿಸಿದರೆ ದಿನಕ್ಕೆ ಸುಮಾರು ಕಾಲು ಡಿಗ್ರಿ ಬರುತ್ತದೆ, ಎಂದರೆ ಹುಣ್ಣಿಮೆಯ ಚಂದ್ರನ ಅಗಲದ ಅರ್ಧದಷ್ಟು. ಸೂರ್ಯನಿಂದ ಇನ್ನೂ ದೂರವಿರುವ ಕ್ಷುದ್ರಗ್ರಹಗಳು ಇದೇ ಸಂದರ್ಭದಲ್ಲಿ ಇದಕ್ಕಿಂತ ನಿಧಾನವಾಗಿ ಸರಿಯುತ್ತವೆ. ಆದ್ದರಿಂದ ಎರಡೇ ರಾತ್ರಿಗಳ ಸರಿತದಿಂದಲೂ ದೂರದ ಬಗ್ಗೆ ಒಂದು ಒರಟು ಅಂದಾಜು ಸಿಗುತ್ತದೆ. ಅದು ಕಕ್ಷೆಯಲ್ಲ, ಅಂದಾಜು ಮಾತ್ರ.

ಕಾಫಿ ಬೆಳೆಗಾರ, ಸೋಮವಾರಪೇಟೆ

ಹೀಗೆ ಸರಿಯುವುದನ್ನು ನಾವು ನಮ್ಮ ಮನೆಯ ಅಂಗಳದಿಂದಲೇ ನೋಡಿದ್ದೇವೆ, ಆದರೆ ಏಷ್ಯಾವನ್ನಲ್ಲ, ವೆಸ್ತಾವನ್ನು. 2025ರ ಮೇ ತಿಂಗಳ ಆರಂಭದಲ್ಲಿ ಅದು ತುಲಾ ರಾಶಿಯಲ್ಲಿ ಸೂರ್ಯನಿಗೆ ಎದುರಾಗಿತ್ತು. ಕಾಫಿ ಒಣಗಿಸುವ ಕಣ ಆ ಕಾಲಕ್ಕೆ ಖಾಲಿಯಿರುತ್ತದೆ, ಸುತ್ತ ಮರಗಳ ಅಡ್ಡಿಯೂ ಕಡಿಮೆ. ಸಂಜೆಯ ಗುಡುಗು ಮಳೆ ಮುಗಿದು ಮೋಡ ಹರಿದ ರಾತ್ರಿಗಳಲ್ಲಿ ಮಗಳು ಬೈನಾಕ್ಯುಲರಿನಲ್ಲಿ ಕಂಡ ಏಳೆಂಟು ನಕ್ಷತ್ರಗಳನ್ನು ನೋಟ್ ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡಳು. ಮೋಡದಿಂದಾಗಿ ನಡುವೆ ಕೆಲವು ರಾತ್ರಿ ತಪ್ಪಿದವು. ಮತ್ತೆ ನೋಡಿದಾಗ ಎಲ್ಲ ಗುರುತುಗಳೂ ಇದ್ದಲ್ಲೇ ಇದ್ದವು, ಒಂದು ಮಾತ್ರ ತ್ರಿಕೋನದ ಒಳಗಿನಿಂದ ಹೊರಗೆ ಹೋಗಿತ್ತು. ಅದನ್ನು ಕಂಡಾಗ ಅವಳಿಗಾದ ಸಂತೋಷವನ್ನು ಬರೆದು ತಿಳಿಸಲಾರೆ. ಮೇಡಂ, ನಿಮ್ಮ ಮಕ್ಕಳಿಗೆ ಫಲಕದ ಜೊತೆಗೆ ಇದನ್ನೂ ಮಾಡಿಸಿ ಎಂದು ಕೇಳಿಕೊಳ್ಳುತ್ತೇನೆ. ವೆಸ್ತಾ ಒಳ್ಳೆಯ ಸಂದರ್ಭಗಳಲ್ಲಿ ಕತ್ತಲೆಯ ಆಕಾಶದಲ್ಲಿ ಬರಿಗಣ್ಣಿಗೂ ಎಟಕುವಷ್ಟು ಬೆಳಗುವ ಪ್ರಧಾನ ಪಟ್ಟಿಯ, ಎಂದರೆ ಮಂಗಳ ಮತ್ತು ಗುರು ಗ್ರಹಗಳ ನಡುವಿನ ಪಟ್ಟಿಯ, ಏಕೈಕ ಕ್ಷುದ್ರಗ್ರಹ.

ನನ್ನದೊಂದು ಪ್ರಶ್ನೆಯೂ ಇದೆ. ಕ್ಷುದ್ರಗ್ರಹ ಎಂದ ಕೂಡಲೇ ಮನೆಯಲ್ಲಿ ಹಿರಿಯರು ಕೇಳುವುದು ಅದು ಭೂಮಿಗೆ ಬಡಿಯುತ್ತದೆಯೇ ಎಂದು. ಅರವತ್ತು ಕಿಲೋಮೀಟರು ಅಗಲದ ಏಷ್ಯಾದ ಬಗ್ಗೆ ಅಂತಹ ಭಯಕ್ಕೆ ಕಾರಣವಿದೆಯೇ?

ನಿವೃತ್ತ ಗಣಿತ ಮೇಷ್ಟ್ರು, ವಿರಾಜಪೇಟೆ

ಬೆಳೆಗಾರರ ಪ್ರಶ್ನೆಗೆ ಉತ್ತರ ಕಕ್ಷೆಯ ಅಂಕಿಗಳಲ್ಲಿಯೇ ಇದೆ. ಸರಾಸರಿ ದೂರವನ್ನು ಉತ್ಕೇಂದ್ರತೆಯಿಂದ ಗುಣಿಸಿದರೆ 0.45 ಬರುತ್ತದೆ. 2.42ರಿಂದ ಅದನ್ನು ಕಳೆದರೆ ಸೂರ್ಯನಿಗೆ ಅತಿ ಸಮೀಪದ, ಎಂದರೆ ಪುರರವಿ ದೂರ 1.97, ಕೂಡಿಸಿದರೆ ಅತಿ ದೂರದ, ಎಂದರೆ ಅಪರವಿ ದೂರ 2.87. ಮಂಗಳ ಗ್ರಹ ಸೂರ್ಯನಿಂದ ಅತ್ಯಂತ ದೂರ ಹೋದಾಗಲೂ 1.67 ಖಗೋಳ ಮಾನವನ್ನು ಮೀರುವುದಿಲ್ಲ. ಏಷ್ಯಾ ಸೂರ್ಯನಿಗೆ ಅತಿ ಸಮೀಪ ಬಂದಾಗಲೂ ಮಂಗಳನ ಕಕ್ಷೆಯ ಹೊರಗೇ ಇರುವುದರಿಂದ ಭೂಮಿಯ ದಾರಿಗೆ ಅಡ್ಡ ಬರುವ ಪ್ರಶ್ನೆಯೇ ಇಲ್ಲ. ಹಿರಿಯರಿಗೆ ನಿಶ್ಚಿಂತೆಯಾಗಿರಲು ಹೇಳಿ.

ಈಗ ಶಿಕ್ಷಕಿಯವರು ಕೇಳಿದ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಂದು ಚುಕ್ಕಿಯನ್ನು ಒಮ್ಮೆ ಅಳೆದಾಗ ನಮಗೆ ದೊರೆಯುವುದು ಎರಡು ಕೋನಗಳು: ಆಕಾಶದಲ್ಲಿ ಅದು ಪೂರ್ವ ಪಶ್ಚಿಮವಾಗಿ ಎಲ್ಲಿದೆ, ಉತ್ತರ ದಕ್ಷಿಣವಾಗಿ ಎಲ್ಲಿದೆ ಎಂಬುದು. ದೂರ ತಿಳಿಯುವುದಿಲ್ಲ. ಒಂದು ಕಕ್ಷೆಯನ್ನು ಪೂರ್ತಿಯಾಗಿ ಹೇಳಲು ಆರು ಅಂಕಿಗಳು ಬೇಕು. ಕಕ್ಷೆಯ ಗಾತ್ರಕ್ಕೆ ಒಂದು, ಆಕಾರಕ್ಕೆ ಒಂದು, ಅದರ ತಲ ಎಷ್ಟು ಓರೆಯಾಗಿದೆ ಮತ್ತು ಯಾವ ದಿಕ್ಕಿಗೆ ಓರೆಯಾಗಿದೆ ಎಂದು ಹೇಳಲು ಎರಡು, ಪುರರವಿ ಯಾವ ಕಡೆಗಿದೆ ಎಂದು ಹೇಳಲು ಒಂದು, ನಿಗದಿತ ದಿನದಂದು ಕಾಯ ಆ ದಾರಿಯಲ್ಲಿ ಎಲ್ಲಿತ್ತು ಎಂದು ಹೇಳಲು ಇನ್ನೊಂದು. ಮೂರು ಬೇರೆ ಬೇರೆ ರಾತ್ರಿಗಳ ಅಳತೆಯಿಂದ ಆರು ಕೋನಗಳು ಸಿಗುತ್ತವೆ. ಆರು ತಿಳಿದವು, ಆರು ತಿಳಿಯಬೇಕಾದವು. ಲೆಕ್ಕ ಸಾಧ್ಯವಾಗುವುದು ಇದರಿಂದಲೇ.

ಸಾಧ್ಯ ಎಂದ ಮಾತ್ರಕ್ಕೆ ಸುಲಭವಲ್ಲ. ಪಾಲೆರ್ಮೊದಲ್ಲಿ ಜುಸೆಪ್ಪೆ ಪಿಯಾಟ್ಸಿ 1801ರ ಜನವರಿ 1ರಂದು ಸೀರಿಸನ್ನು ಕಂಡು, ಫೆಬ್ರವರಿ 11ರವರೆಗೆ ಅದನ್ನು ಹಿಂಬಾಲಿಸಿದರು. ಆಮೇಲೆ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ತಿಂಗಳುಗಳ ನಂತರ ಮತ್ತೆ ಎಲ್ಲಿ ಹುಡುಕಬೇಕೆಂದು ಯಾರಿಗೂ ತಿಳಿಯದಿದ್ದಾಗ 24 ವರ್ಷದ ಜರ್ಮನ್ ಗಣಿತಜ್ಞ ಗೌಸ್ ಆ ಚಿಕ್ಕ ತುಣುಕಿನಿಂದಲೇ ಇಡೀ ಕಕ್ಷೆಯನ್ನು ಲೆಕ್ಕ ಹಾಕಿದ. ಅವನು ಹೇಳಿದ ಕಡೆಯೇ 1801ರ ಡಿಸೆಂಬರ್ 31ರಂದು ಫಾನ್ ಜಾಕ್ ಅದನ್ನು ಮತ್ತೆ ಕಂಡರು, ಮರುದಿನ ಓಲ್ಬರ್ಸ್ ಕೂಡ ಕಂಡರು. ಗಣಿತ ಪಾಠ ಮಾಡಿದ ಅಷ್ಟೂ ವರ್ಷ ನಾನು ಈ ಪ್ರಸಂಗವನ್ನು ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇನೆ, ಏಕೆಂದರೆ ಆ ಲೆಕ್ಕ ಸಿಗದೇ ಹೋಗಿದ್ದರೆ ಪಿಯಾಟ್ಸಿ ಕಂಡದ್ದು ದಾಖಲೆಯಲ್ಲಿ ಒಂದು ಅನುಮಾನವಾಗಿಯೇ ಉಳಿಯುತ್ತಿತ್ತು. ಕಂಡದ್ದು ಶೋಧದ ಅರ್ಧ ಮಾತ್ರ, ಮತ್ತೆ ಕಾಣುವಂತೆ ಮಾಡುವ ಕಕ್ಷೆಯೇ ಇನ್ನರ್ಧ ಎಂಬುದು ನನ್ನ ದೃಢವಾದ ನಂಬಿಕೆ.

1861ರ ಹೊತ್ತಿಗೆ ಗೌಸನ ವಿಧಾನ ಎಲ್ಲ ವೀಕ್ಷಣಾಲಯಗಳಿಗೂ ಪರಿಚಿತವಾಗಿತ್ತು. ಆದರೆ ಮದ್ರಾಸಿನಿಂದ ಯುರೋಪಿಗೆ ಸುದ್ದಿ ಹಡಗಿನ ಅಂಚೆಯಲ್ಲೇ ಹೋಗಬೇಕಿತ್ತು; ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಆ ಕಾಗದ ತಲುಪುವಷ್ಟರಲ್ಲಿ ಚುಕ್ಕಿ ಸಾಕಷ್ಟು ದೂರ ಸರಿದಿರುತ್ತದೆ. ಹೀಗಾಗಿ ಕಂಡ ಕಾಯವನ್ನು ಮುಂದಿನ ರಾತ್ರಿಗಳಲ್ಲಿ ಹಿಂಬಾಲಿಸಿ ಅಳೆಯುವ ಭಾರ ಯುರೋಪಿನವರಿಗಿಂತ ಹೆಚ್ಚಾಗಿ ಮದ್ರಾಸಿನವರ ಮೇಲೆಯೇ ಬೀಳುತ್ತಿತ್ತು.

ವಿದ್ಯಾರ್ಥಿನಿ, ಪೊನ್ನಂಪೇಟೆ

ಮೇಷ್ಟ್ರಿಗೆ ನಮಸ್ಕಾರಗಳು. ನಾನು ಪಿಯುಸಿ ಓದುತ್ತಿದ್ದೇನೆ. ಕೆಪ್ಲರನ ಮೂರನೆಯ ನಿಯಮದಂತೆ ದೂರದ ಘನವು ಅವಧಿಯ ವರ್ಗಕ್ಕೆ ಸಮವಾಗಬೇಕು. 2.42ನ್ನು ಮೂರು ಬಾರಿ ಗುಣಿಸಿದಾಗ 14.17 ಬಂತು, ಅದರ ವರ್ಗಮೂಲ 3.76. ಮೇಡಂ ಕೊಟ್ಟ 3.77 ವರ್ಷಕ್ಕೆ ಇದು ಬಹುತೇಕ ಹೊಂದುತ್ತದೆ. ಮಂಗಳನ ವರ್ಷ 1.88 ಭೂವರ್ಷ, ಅದನ್ನು ಎರಡರಿಂದ ಗುಣಿಸಿದರೆ 3.76 ಆಗುತ್ತದೆ. ಏಷ್ಯಾ ಒಂದು ಸುತ್ತು ಮುಗಿಸುವಷ್ಟರಲ್ಲಿ ಮಂಗಳ ಹೆಚ್ಚುಕಡಿಮೆ ಸರಿಯಾಗಿ ಎರಡು ಸುತ್ತು ಮುಗಿಸುತ್ತದೆ ಎಂದು ನೋಡಿ ಆಶ್ಚರ್ಯವಾಯಿತು.

ಉತ್ಕೇಂದ್ರತೆ ಮಾತ್ರ ನನಗೆ ಕಣ್ಣಿಗೆ ಕಟ್ಟುವುದಿಲ್ಲ. 0.185 ಎಂದರೆ ಆ ದೀರ್ಘವೃತ್ತ ಎಷ್ಟು ಚಪ್ಪಟೆಯಾಗಿರುತ್ತದೆ? ಪುಸ್ತಕಗಳ ಚಿತ್ರಗಳಲ್ಲಿ ಎಲ್ಲ ಕಕ್ಷೆಗಳೂ ಬಹಳ ಉದ್ದವಾಗಿ ಕಾಣುತ್ತವೆ.

ನಿವೃತ್ತ ಗಣಿತ ಮೇಷ್ಟ್ರು, ವಿರಾಜಪೇಟೆ

ಲೆಕ್ಕ ಸರಿಯಾಗಿದೆ, ಮಗಳೇ. ದೂರವನ್ನು ಇನ್ನೊಂದು ದಶಮಾಂಶ ಸ್ಥಾನದವರೆಗೆ ತೆಗೆದುಕೊಂಡರೆ 3.77 ಬರುತ್ತದೆ.

ಉತ್ಕೇಂದ್ರತೆಯನ್ನು ಕಾಣಲು ಒಂದು ದೊಡ್ಡ ಡ್ರಾಯಿಂಗ್ ಹಾಳೆ, ಎರಡು ಗುಂಡುಪಿನ್ನು ಮತ್ತು ದಾರ ಸಾಕು; ಶಿಕ್ಷಕಿಯವರು ಇದನ್ನೇ ಫಲಕವಾಗಿ ಮಾಡಬಹುದು. ಒಂದು ಖಗೋಳ ಮಾನಕ್ಕೆ 10 ಸೆಂಟಿಮೀಟರು ಎಂದು ಇಟ್ಟುಕೊಳ್ಳಿ. ಎರಡು ಪಿನ್ನುಗಳನ್ನು 9 ಸೆಂಟಿಮೀಟರು ಅಂತರದಲ್ಲಿ ಚುಚ್ಚಿ, 57.4 ಸೆಂಟಿಮೀಟರು ಸುತ್ತಳತೆಯ ದಾರದ ಕುಣಿಕೆಯನ್ನು ಎರಡನ್ನೂ ಬಳಸುವಂತೆ ಹಾಕಿ, ಪೆನ್ಸಿಲಿನ ತುದಿಯಿಂದ ದಾರವನ್ನು ಬಿಗಿಯಾಗಿ ಹಿಡಿದು ಒಂದು ಸುತ್ತು ಎಳೆಯಿರಿ. ದಾರ ಸಡಿಲವಾದರೆ ಗೆರೆ ಒಳಕ್ಕೆ ಬಾಗುತ್ತದೆ, ಆದ್ದರಿಂದ ಒಬ್ಬರು ಪಿನ್ನುಗಳನ್ನು ಒತ್ತಿ ಹಿಡಿದಿರಬೇಕು. ಬರುವ ಆಕೃತಿಯ ಉದ್ದ 48.4 ಸೆಂಟಿಮೀಟರು, ಅಗಲ 47.6 ಸೆಂಟಿಮೀಟರು. ವ್ಯತ್ಯಾಸ 8 ಮಿಲಿಮೀಟರು ಮಾತ್ರ! ಅಳೆದು ನೋಡದವರಿಗೆ ಅದು ವೃತ್ತವೆಂದೇ ತೋರುತ್ತದೆ.

ಆದರೆ ಸೂರ್ಯನಿರುವುದು ನಡುವಿನಲ್ಲಲ್ಲ, ಒಂದು ಪಿನ್ನಿನ ಜಾಗದಲ್ಲಿ. ಆ ಪಿನ್ನಿನಿಂದ ಗೆರೆಗೆ ಒಂದು ಕಡೆ 19.7 ಸೆಂಟಿಮೀಟರು, ಎದುರು ಕಡೆ 28.7. ಕಕ್ಷೆಯ ಆಕಾರ ಬಹುತೇಕ ಗುಂಡಗಿದ್ದರೂ ಸೂರ್ಯ ಒಂದು ಬದಿಗೆ ಸರಿದಿರುವುದೇ ಉತ್ಕೇಂದ್ರತೆಯ ನಿಜವಾದ ಪರಿಣಾಮ. ಅದೇ ಪಿನ್ನನ್ನು ಕೇಂದ್ರವಾಗಿಟ್ಟು 10 ಸೆಂಟಿಮೀಟರು ತ್ರಿಜ್ಯದಲ್ಲಿ ಭೂಮಿಯ ಕಕ್ಷೆಯನ್ನೂ, 15.2 ಸೆಂಟಿಮೀಟರಿನಲ್ಲಿ ಮಂಗಳನ ಸರಾಸರಿ ದೂರವನ್ನೂ ಎಳೆದರೆ, ಬೆಳೆಗಾರರ ಮನೆಯ ಹಿರಿಯರು ಕೇಳಿದ ಪ್ರಶ್ನೆಗೂ ಹಾಳೆಯ ಮೇಲೆಯೇ ಉತ್ತರ ಕಾಣುತ್ತದೆ. ಪುಸ್ತಕಗಳ ಉದ್ದನೆಯ ಚಿತ್ರಗಳು ಮಕ್ಕಳಲ್ಲಿ ಎಷ್ಟು ತಪ್ಪು ಕಲ್ಪನೆ ಮೂಡಿಸಿವೆ ಎಂದು ನೆನೆದರೆ ಬೇಸರವಾಗುತ್ತದೆ.

ಗುರುವನ್ನು ಆ ಹಾಳೆಯಲ್ಲಿ ತೋರಿಸಲಾಗದು. ಅದು 52 ಸೆಂಟಿಮೀಟರು ದೂರದಲ್ಲಿ, ಹಾಳೆಯ ಹೊರಗೆ, ಗೋಡೆಯ ಮೇಲಿರಬೇಕು.

ವಿಜ್ಞಾನ ಶಿಕ್ಷಕಿ, ಮಡಿಕೇರಿ

ಮೇಷ್ಟ್ರೇ, ಹಾಳೆ ಮತ್ತು ದಾರದ ವಿಧಾನವನ್ನು ಖಂಡಿತ ಮಾಡಿಸುತ್ತೇನೆ. ಗುರುವಿಗಾಗಿ ಗೋಡೆಯ ಮೇಲೆ ಒಂದು ಕಾಗದದ ಚುಕ್ಕಿಯನ್ನೂ ಅಂಟಿಸುತ್ತೇವೆ.

ಈ ಚಿತ್ರದಿಂದ ಇನ್ನೊಂದು ಲೆಕ್ಕವೂ ಹೊಳೆಯಿತು. ಪುರರವಿಯ ಬಳಿ ಇರುವಾಗ ಏಷ್ಯಾ ಸೂರ್ಯನಿಗೆ ಎದುರಾದರೆ ಭೂಮಿಯಿಂದ ಅದರ ದೂರ ಒಂದು ಖಗೋಳ ಮಾನಕ್ಕಿಂತ ಸ್ವಲ್ಪ ಕಡಿಮೆ. ಅಪರವಿಯ ಬಳಿ ಎದುರಾದರೆ 1.87. ಬೆಳಕು ಸೂರ್ಯನಿಂದ ಅಲ್ಲಿಗೆ ಹೋಗಿ, ಅಲ್ಲಿಂದ ನಮ್ಮಲ್ಲಿಗೆ ಬರಬೇಕಾದ್ದರಿಂದ ಎರಡು ದೂರಗಳ ವರ್ಗಗಳೂ ಲೆಕ್ಕಕ್ಕೆ ಬರುತ್ತವೆ. ಗುಣಿಸಿ ನೋಡಿದರೆ ಒಳ್ಳೆಯ ಸಂದರ್ಭದಲ್ಲಿ ಅದು ಕೆಟ್ಟ ಸಂದರ್ಭಕ್ಕಿಂತ ಸುಮಾರು ಎಂಟು ಪಟ್ಟು ಹೆಚ್ಚು ಬೆಳಗುತ್ತದೆ, ಎಂದರೆ ಆಕಾಶಕಾಯಗಳ ಬೆಳಕನ್ನು ಅಳೆಯುವ ಕಾಂತಿಮಾನದಲ್ಲಿ ಎರಡಕ್ಕಿಂತ ಸ್ವಲ್ಪ ಹೆಚ್ಚಿನ ವ್ಯತ್ಯಾಸ.

ಈ ಕಾಂತಿಮಾನದ ಅಳತೆಗೋಲನ್ನು ಇಂದಿನ ರೂಪಕ್ಕೆ ತಂದವರೂ ಪಾಗ್ಸನ್ ಅವರೇ. ಐದು ಮಾನಗಳ ವ್ಯತ್ಯಾಸವೆಂದರೆ ಸರಿಯಾಗಿ ನೂರು ಪಟ್ಟು ಬೆಳಕು, ಆದ್ದರಿಂದ ಒಂದು ಮಾನಕ್ಕೆ 2.512 ಪಟ್ಟು ಎಂದು 1856ರಲ್ಲಿ, ಮದ್ರಾಸಿಗೆ ಬರುವ ಮೊದಲು ಆಕ್ಸ್‌ಫರ್ಡಿನಲ್ಲಿದ್ದಾಗ ಅವರು ಸೂಚಿಸಿದರು. ಅವರು ಕಂಡ ಕ್ಷುದ್ರಗ್ರಹದ ಬೆಳಕಿನ ಏರಿಳಿತವನ್ನು ಅವರದೇ ಅಳತೆಗೋಲಿನಲ್ಲಿ ನನ್ನ ವಿದ್ಯಾರ್ಥಿಗಳು ಲೆಕ್ಕ ಹಾಕುತ್ತಾರೆ ಎಂಬುದು ನನಗೆ ಬಹಳ ಹಿಡಿಸಿದೆ. ಒಳ್ಳೆಯ ಸಂದರ್ಭದಲ್ಲಿ ಏಷ್ಯಾ ಹತ್ತನೆಯ ಕಾಂತಿಮಾನದ ಆಸುಪಾಸಿಗೆ ಬರುತ್ತದೆ. ಬೈನಾಕ್ಯುಲರಿಗೆ ಎಟಕದಿದ್ದರೂ ಸಣ್ಣ ದೂರದರ್ಶಕವಿದ್ದರೆ ನಮ್ಮ ಕತ್ತಲೆಯ ಆಕಾಶದಲ್ಲಿ ಕಷ್ಟವಲ್ಲ.

ತಾರಾಪ್ರೇಮಿ, ಭಾಗಮಂಡಲ

ನಮ್ಮ ಆಕಾಶ ಕತ್ತಲೆಯೇನೋ ನಿಜ, ಆದರೆ ಮೋಡವನ್ನು ಮರೆಯಬಾರದು. ಏಷ್ಯಾ ಒಮ್ಮೆ ಸೂರ್ಯನಿಗೆ ಎದುರಾದ ಮೇಲೆ ಮತ್ತೆ ಎದುರಾಗಲು ಸರಾಸರಿ ಹದಿನಾರು ತಿಂಗಳು ಮತ್ತು ಕೆಲವು ದಿನಗಳು ಬೇಕು. ಮೇಡಂ ಕೊಟ್ಟ 3.77ನ್ನು ಅದಕ್ಕಿಂತ ಒಂದು ಕಡಿಮೆಯಾದ 2.77ರಿಂದ ಭಾಗಿಸಿದರೆ 1.36 ವರ್ಷ ಬರುತ್ತದೆ. ಎಂದರೆ ಪ್ರತಿ ಬಾರಿಯೂ ಅದು ಪಂಚಾಂಗದಲ್ಲಿ ನಾಲ್ಕು ತಿಂಗಳಿಗಿಂತ ಸ್ವಲ್ಪ ಹೆಚ್ಚು ಮುಂದಕ್ಕೆ ಹೋಗುತ್ತದೆ. ಒಮ್ಮೆ ಪುತ್ತರಿಯ ಹೊತ್ತಿನ ತಿಳಿ ಆಕಾಶದಲ್ಲಿ ಬಂದರೆ ಮುಂದಿನದು ಏಪ್ರಿಲ್ ಸುಮಾರಿಗೆ, ಅದರ ಮುಂದಿನದು ಮಳೆಗಾಲದ ನಡುವೆ. ಮೂರರಲ್ಲಿ ಒಂದು ಅವಕಾಶ ಕೊಡಗಿನವರಿಗೆ ಇಲ್ಲ ಎಂದೇ ಇಟ್ಟುಕೊಳ್ಳಬೇಕು.

ಇದರ ಜೊತೆಗೆ ಪುರರವಿಯ ದಿಕ್ಕು ಆಕಾಶದಲ್ಲಿ ಬಹುಮಟ್ಟಿಗೆ ಸ್ಥಿರವಾಗಿರುವುದರಿಂದ ಯಾವುದೇ ಕಾಯದ ಅತ್ಯುತ್ತಮ ಸಂದರ್ಭಗಳು ಯಾವಾಗಲೂ ವರ್ಷದ ಒಂದೇ ಋತುವಿನ ಸುತ್ತ ಬೀಳುತ್ತವೆ. ಮಂಗಳನ ವಿಷಯದಲ್ಲಿ ಇದು ನಮಗೆ ಚೆನ್ನಾಗಿ ಗೊತ್ತು. 2003ರ ಆಗಸ್ಟ್ ಕೊನೆಯಲ್ಲಿ, ಮತ್ತೆ 2018ರ ಜುಲೈ 27ರಂದು ಅದು ಸಮೀಪಕ್ಕೆ ಬಂದು ಎದುರಾದಾಗ ಇಲ್ಲಿ ಮಳೆಗಾಲ. 2018ರಲ್ಲಿ ಮುಂದಿನ ತಿಂಗಳೇ ನಮ್ಮ ಜಿಲ್ಲೆ ಅನುಭವಿಸಿದ ಮಳೆ ಮತ್ತು ಭೂಕುಸಿತವನ್ನು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಆದ್ದರಿಂದ ಮಕ್ಕಳಿಗೆ ತೋರಿಸುವ ಕ್ಷುದ್ರಗ್ರಹವನ್ನು ಆರಿಸುವಾಗ ಕಾಂತಿಮಾನದ ಜೊತೆಗೆ ತಿಂಗಳನ್ನೂ ನೋಡಿಕೊಳ್ಳಿ.

ಪಾಗ್ಸನ್ ಮದ್ರಾಸಿನಿಂದ ಕಂಡ ಐದು ಕ್ಷುದ್ರಗ್ರಹಗಳ (ಏಷ್ಯಾ, ಸ್ಯಾಫೊ, ಸಿಲ್ವಿಯಾ, ಕ್ಯಾಮಿಲ್ಲಾ, ವೇರಾ) ದಿನಾಂಕಗಳೂ ಕುತೂಹಲಕರವಾಗಿವೆ: 1861 ಏಪ್ರಿಲ್ 17, 1864 ಮೇ 2, 1866 ಮೇ 16, 1868 ನವೆಂಬರ್ 17, 1885 ಫೆಬ್ರವರಿ 6. ಜೂನ್‌ನಿಂದ ಅಕ್ಟೋಬರ್‌ವರೆಗೆ ಒಂದೂ ಇಲ್ಲ. ಐದೇ ದಿನಾಂಕಗಳಿಂದ ನಿಯಮ ಕಟ್ಟಲಾಗದು ಎಂಬುದನ್ನು ಬಲ್ಲೆ.

ಹವ್ಯಾಸಿ ವೀಕ್ಷಕ, ಕುಶಾಲನಗರ

ಆ ಐದನ್ನೂ ಫಲಕದಲ್ಲಿ ಒಟ್ಟಿಗೆ ಇಡಬೇಕೆಂದು ನನ್ನ ಒತ್ತಾಯ, ಏಕೆಂದರೆ ಅವು ಐದೇ ಆದರೂ ಪ್ರಧಾನ ಪಟ್ಟಿಯ ಒಳಗಿನ ರಚನೆಯನ್ನು ಚೆನ್ನಾಗಿ ತೋರಿಸುತ್ತವೆ. ಸ್ಯಾಫೊ 2.30 ಖಗೋಳ ಮಾನದಲ್ಲಿ ಮತ್ತು ಏಷ್ಯಾ 2.42ರಲ್ಲಿ, ಎರಡೂ ಪಟ್ಟಿಯ ಒಳ ಅಂಚಿಗೆ ಸೇರಿವೆ. ವೇರಾ 3.10ರಲ್ಲಿ, ಹೊರ ಭಾಗದಲ್ಲಿದೆ. ಸಿಲ್ವಿಯಾ ಮತ್ತು ಕ್ಯಾಮಿಲ್ಲಾ ಸುಮಾರು 3.5ರಲ್ಲಿ, ಪಟ್ಟಿಯ ದಟ್ಟ ಭಾಗವನ್ನೂ ದಾಟಿ ಸುತ್ತುತ್ತವೆ. ಇವುಗಳ ನಡುವೆ ಬಹುತೇಕ ಖಾಲಿಯಾಗಿರುವ ಅಂತರಗಳಿವೆ: 2.50ರಲ್ಲಿ ಒಂದು, 2.82ರಲ್ಲಿ ಒಂದು, 2.95ರಲ್ಲಿ ಒಂದು, 3.27ರಲ್ಲಿ ಒಂದು. ಅಮೆರಿಕದ ಡೇನಿಯಲ್ ಕರ್ಕ್‌ವುಡ್ 1866ರಲ್ಲಿ, ಪಟ್ಟಿಯಲ್ಲಿ ನೂರು ಹೆಸರುಗಳೂ ಇಲ್ಲದ ಕಾಲದಲ್ಲಿ, ಇವುಗಳನ್ನು ಗುರುತಿಸಿ ಕಾರಣವನ್ನೂ ಸೂಚಿಸಿದರು.

ಕಾರಣ ಗುರು ಗ್ರಹ. ಅದರ ವರ್ಷ 11.86 ಭೂವರ್ಷ. 2.50ರಲ್ಲಿ ಸುತ್ತುವ ಕಾಯಕ್ಕೆ 3.95 ವರ್ಷ, ಸರಿಯಾಗಿ ಗುರುವಿನ ಅವಧಿಯ ಮೂರನೆಯ ಒಂದು ಭಾಗ. ಗುರು ಒಮ್ಮೆ ಸುತ್ತುವಷ್ಟರಲ್ಲಿ ಆ ಕಾಯ ಮೂರು ಬಾರಿ ಸುತ್ತಿ, ಮತ್ತೆ ಮತ್ತೆ ಅದೇ ಜೋಡಣೆಯಲ್ಲಿ ಗುರುವಿನ ಸೆಳೆತಕ್ಕೆ ಸಿಕ್ಕುತ್ತದೆ. ಹಾಗೆ ಕೂಡುತ್ತ ಹೋಗುವ ಸೆಳೆತ ಕಕ್ಷೆಯ ಉತ್ಕೇಂದ್ರತೆಯನ್ನು ಹೆಚ್ಚಿಸಿ, ಕಾಲಾಂತರದಲ್ಲಿ ಆ ಕಾಯವನ್ನು ಮಂಗಳ ಅಥವಾ ಭೂಮಿಯ ದಾರಿಗೆ ತಳ್ಳಬಲ್ಲದು. 3.77 ವರ್ಷದ ಏಷ್ಯಾ ಈ ಅಪಾಯದ ಗೆರೆಯಿಂದ ಸ್ವಲ್ಪ ಒಳಗೆ, ಸುರಕ್ಷಿತ ಅಂತರದಲ್ಲಿದೆ.

ಸಿಲ್ವಿಯಾದ ಬಗ್ಗೆ ಎರಡು ಮಾತು ಹೆಚ್ಚು ಬರೆಯಲೇಬೇಕು. 1866ರಲ್ಲಿ ಮದ್ರಾಸಿನಲ್ಲಿ ಒಂದು ಚುಕ್ಕಿಯಾಗಿ ಕಂಡ ಅದಕ್ಕೆ 2001ರಲ್ಲಿ ಒಂದು ಉಪಗ್ರಹವೂ, 2005ರಲ್ಲಿ ಪ್ರಕಟವಾದ ಇನ್ನೊಂದು ಉಪಗ್ರಹವೂ ಸಿಕ್ಕವು. ರೋಮ್ಯುಲಸ್ ಮತ್ತು ರೀಮಸ್ ಎಂಬ ಹೆಸರಿನ ಈ ಎರಡರಿಂದಾಗಿ ಸಿಲ್ವಿಯಾ ಎರಡು ಉಪಗ್ರಹಗಳಿವೆಯೆಂದು ತಿಳಿದುಬಂದ ಮೊದಲ ಕ್ಷುದ್ರಗ್ರಹವಾಯಿತು. ರೋಮ್ಯುಲಸ್ ಸುಮಾರು 1360 ಕಿಲೋಮೀಟರು ದೂರದಲ್ಲಿ 3.65 ದಿನಕ್ಕೊಮ್ಮೆ ಸುತ್ತುತ್ತದೆ. ಈ ಎರಡೇ ಅಂಕಿಗಳನ್ನು ಕೆಪ್ಲರ್ ಮತ್ತು ನ್ಯೂಟನ್ನರ ಸೂತ್ರದಲ್ಲಿ ಇಟ್ಟರೆ ಸಿಲ್ವಿಯಾದ ದ್ರವ್ಯರಾಶಿ ನಮ್ಮ ಚಂದ್ರನ ಸುಮಾರು ಐದು ಸಾವಿರದಲ್ಲಿ ಒಂದು ಪಾಲು ಎಂದು ಬರುತ್ತದೆ. ಅದರ ಗಾತ್ರಕ್ಕೆ ಇದು ತೀರ ಕಡಿಮೆ; ಒಳಗೆ ಟೊಳ್ಳು ಜಾಗಗಳಿರುವ, ಒಡೆದ ಬಂಡೆಗಳು ಸಡಿಲವಾಗಿ ಕೂಡಿಕೊಂಡ ರಾಶಿ ಅದಾಗಿರಬೇಕು. ಯಾರೂ ಹೋಗಿ ಮುಟ್ಟದ ಕಾಯದ ಒಡಲು ಹೇಗಿದೆಯೆಂದು ಕಕ್ಷೆಯೊಂದೇ ಹೇಳಿತು. ಇದಕ್ಕಿಂತ ಸುಂದರವಾದ ಉದಾಹರಣೆ ನನಗೆ ತಿಳಿದಿಲ್ಲ.

ಇನ್ನೊಂದು ಸಲಹೆ. ಫಲಕದಲ್ಲಿ ಪಾಗ್ಸನ್ ಹೆಸರಿನ ಜೊತೆಗೆ ಚಿಂತಾಮಣಿ ರಘುನಾಥಾಚಾರಿ ಅವರ ಹೆಸರೂ ಇರಲಿ. ಅದೇ ವೀಕ್ಷಣಾಲಯದಲ್ಲಿ ದುಡಿದ ಅವರು 1867ರಲ್ಲಿ ಆರ್ ರೆಟಿಕ್ಯುಲಿ ಎಂಬ ನಕ್ಷತ್ರದ ಬೆಳಕು ಬದಲಾಗುವುದನ್ನು ಕಂಡುಹಿಡಿದವರು. ರಾತ್ರಿಗಳ ದುಡಿಮೆ ಒಬ್ಬರದೇ ಆಗಿರಲಿಲ್ಲ ಎಂದು ಮಕ್ಕಳಿಗೆ ತಿಳಿಯಬೇಕು.

ವಿದ್ಯಾರ್ಥಿನಿ, ಪೊನ್ನಂಪೇಟೆ

1885ರ ನಂತರ ಭಾರತದಿಂದ ಕ್ಷುದ್ರಗ್ರಹಗಳೇ ಪತ್ತೆಯಾಗಲಿಲ್ಲವೇ? ಮತ್ತು ಒಮ್ಮೆ ಸಂಖ್ಯೆ ಸಿಕ್ಕ ಕ್ಷುದ್ರಗ್ರಹ ಮತ್ತೆ ಕಳೆದುಹೋಗುವುದುಂಟೇ?

ನಿವೃತ್ತ ಗಣಿತ ಮೇಷ್ಟ್ರು, ವಿರಾಜಪೇಟೆ

ನೂರು ವರ್ಷಕ್ಕೂ ಹೆಚ್ಚು ಕಾಲ ಆಗಲಿಲ್ಲ. 1988ರ ಫೆಬ್ರವರಿ 17ರಂದು ತಮಿಳುನಾಡಿನ ಕಾವಲೂರಿನಲ್ಲಿ, ಆರ್. ರಾಜಮೋಹನ್ ಅವರ ತಂಡ 45 ಸೆಂಟಿಮೀಟರಿನ ಸ್ಮಿಟ್ ದೂರದರ್ಶಕದಿಂದ ತೆಗೆದ ಚಿತ್ರಗಳಲ್ಲಿ ಒಂದು ಸಿಕ್ಕಿತು. ಅದೇ ಇಂದಿನ 4130 ರಾಮಾನುಜನ್. ಆ ವೀಕ್ಷಣಾಲಯವನ್ನು ನಡೆಸುವ ಭಾರತೀಯ ಖಭೌತ ಸಂಸ್ಥೆ ನಮ್ಮ ಬೆಂಗಳೂರಿನಲ್ಲಿಯೇ ಇದೆ, ಅದರ ಮೂಲ ಹಳೆಯ ಮದ್ರಾಸು ವೀಕ್ಷಣಾಲಯಕ್ಕೇ ಹೋಗುತ್ತದೆ.

ಈಗ ಕಂಡ ಕೂಡಲೇ ಸಂಖ್ಯೆ ಕೊಡುವುದಿಲ್ಲ. ಮೊದಲು ಒಂದು ತಾತ್ಕಾಲಿಕ ಗುರುತು ಸಿಗುತ್ತದೆ: ವರ್ಷ, ಆಮೇಲೆ ತಿಂಗಳ ಯಾವ ಅರ್ಧವೆಂದು ಸೂಚಿಸುವ ಅಕ್ಷರ, ಆಮೇಲೆ ಆ ಹದಿನೈದು ದಿನಗಳಲ್ಲಿ ಎಷ್ಟನೆಯದು ಎಂಬುದು. ಫೆಬ್ರವರಿಯ ಎರಡನೆಯ ಅರ್ಧಕ್ಕೆ ‘ಡಿ’ ಅಕ್ಷರ. ಹಲವು ಬಾರಿ ಸೂರ್ಯನಿಗೆ ಎದುರಾದಾಗ ಅಳೆದು, ಕಕ್ಷೆ ಭದ್ರವಾದ ಮೇಲೆಯೇ ಶಾಶ್ವತ ಸಂಖ್ಯೆ. ಹೆಸರು ಅದರ ನಂತರ. ಹಿಂದೆ ಇಷ್ಟು ಬಿಗಿ ಇರಲಿಲ್ಲ, ಅದರ ಫಲವನ್ನೂ ಅನುಭವಿಸಿದರು. 878 ಮಿಲ್ಡ್ರೆಡ್ ಎಂಬ ಪ್ರಧಾನ ಪಟ್ಟಿಯ ಕ್ಷುದ್ರಗ್ರಹ 1916ರಲ್ಲಿ ಕಂಡು, ಸಂಖ್ಯೆಯನ್ನೂ ಹೆಸರನ್ನೂ ಪಡೆದು, ಅಳತೆಗಳು ಸಾಲದೆ ಕಳೆದುಹೋಯಿತು. ಮತ್ತೆ ಸಿಕ್ಕಿದ್ದು 1991ರಲ್ಲಿ.

ವಿಜ್ಞಾನ ಶಿಕ್ಷಕಿ, ಮಡಿಕೇರಿ

ಎಲ್ಲರಿಗೂ ಕೃತಜ್ಞತೆಗಳು. ಫಲಕದ ಮೊದಲ ಸಾಲನ್ನು ಹೀಗೆ ಬದಲಾಯಿಸುತ್ತಿದ್ದೇನೆ: ‘1861ರ ಏಪ್ರಿಲ್ 17ರಂದು ಮದ್ರಾಸಿನಲ್ಲಿ ಕಂಡ ಚುಕ್ಕಿ, ಮುಂದಿನ ರಾತ್ರಿಗಳ ಅಳತೆಯಿಂದ ಕಕ್ಷೆ ಸಿಕ್ಕು, 67ನೆಯ ಕ್ಷುದ್ರಗ್ರಹವಾಯಿತು.’ ಅದರ ಕೆಳಗೆ ಹಾಳೆಯ ಮೇಲಿನ ಕಕ್ಷೆ, ಐದು ಮದ್ರಾಸು ಕ್ಷುದ್ರಗ್ರಹಗಳ ಸ್ಥಾನ, ಗೋಡೆಯ ಮೇಲೆ ಗುರು. ಅಂಕಿಗಳಲ್ಲಿ ಇನ್ನೇನಾದರೂ ಸೇರಿಸಬೇಕೇ, ಮೇಷ್ಟ್ರೇ?

ನಿವೃತ್ತ ಗಣಿತ ಮೇಷ್ಟ್ರು, ವಿರಾಜಪೇಟೆ

ಒಂದನ್ನು ಸೇರಿಸಬೇಕು: ಆ ಅಂಕಿಗಳು ಯಾವ ದಿನಾಂಕದವು ಎಂಬುದನ್ನು. ಗುರು ಮತ್ತು ಇತರ ಗ್ರಹಗಳ ಸೆಳೆತದಿಂದ ಕಕ್ಷೆಯ ಗಾತ್ರ, ಉತ್ಕೇಂದ್ರತೆ, ಓರೆ ಎಲ್ಲವೂ ಬಹಳ ನಿಧಾನವಾಗಿ ಬದಲಾಗುತ್ತಿರುತ್ತವೆ, ಆದ್ದರಿಂದ ಕಕ್ಷೆಯ ಅಂಕಿಗಳನ್ನು ಎಲ್ಲ ಪಟ್ಟಿಗಳಲ್ಲಿಯೂ ಒಂದು ನಿಗದಿತ ದಿನಕ್ಕೆ ಕಟ್ಟಿಯೇ ಕೊಡುತ್ತಾರೆ. ನೀವು ಅಂಕಿಗಳನ್ನು ತೆಗೆದುಕೊಂಡ ಪಟ್ಟಿಯಲ್ಲಿ ಆ ದಿನಾಂಕ ಮೇಲ್ಭಾಗದಲ್ಲೇ ಇರುತ್ತದೆ, ಅದನ್ನು 2.42ರ ಪಕ್ಕದಲ್ಲಿ ಬರೆದುಬಿಡಿ.